ಗೌರವದಿಂದ ಎದ್ದು ಹೋದವರು

ನುಕುಅಲೋಫಾ
12 ಫೆಬ್ರುವರಿ 2019

ಪೂಜ್ಯ ಫಾತಾಯಿ ಅತ್ತೆಗೆ,

ಲೆಸಿಯೇಲಿಯ ನಮಸ್ಕಾರಗಳು. ಫೋನ್ ಮಾಡಬಹುದಿತ್ತು. ಆದರೆ ನಮ್ಮ ದ್ವೀಪದಲ್ಲಿ ಸಿಗ್ನಲ್ ಸಿಗುವುದು ಚರ್ಚಿನ ದಿಬ್ಬದ ಮೇಲೆ ಮಾತ್ರ. ಅಲ್ಲಿ ನಿಂತು ನೀವು ‘ಹಲೋ’ ಅಂದರೆ ಊರಿಗೆ ಊರೇ ‘ಹಾಂ, ಹೇಳಿ’ ಅನ್ನುತ್ತದೆ. ಈ ವಿಷಯಕ್ಕೆ ಅಷ್ಟೊಂದು ಕಿವಿ ಬೇಡವೆಂದು ಕಾಗದ ಬರೆಯುತ್ತಿದ್ದೇನೆ.

ಇಲ್ಲಿ ರಾಜಧಾನಿಯಲ್ಲಿ ನನಗೆ ಕೆಲಸ ಸಿಕ್ಕಿದೆ. ಊರೂರಿಗೆ ಹೋಗಿ ಹೆಣ್ಣು ಗಂಡಿನ ಸಮಾನತೆಯ ಬಗ್ಗೆ ಕಾರ್ಯಾಗಾರ ನಡೆಸುವುದು. ಸಂಸಾರದಲ್ಲಿ ಮಾತು ಯಾರದು, ಮೌನ ಯಾರದು. ದಿನವೂ ಆಡುವ ತಮಾಷೆಯಲ್ಲೇ ನಾವು ಹೆಣ್ಣನ್ನು ಒಂದು ಮೆಟ್ಟಿಲು ಕೆಳಗೆ ಕೂರಿಸುವುದು ಹೇಗೆ, ಇಂಥವೇ ಪಾಠಗಳು. ಕೊಟ್ಟಿರುವ ಕೈಪಿಡಿ ಯಾವುದೋ ಚಳಿದೇಶದಲ್ಲಿ ಬರೆದದ್ದು. ಅದರ ಚಿತ್ರಗಳಲ್ಲಿ ಗಂಡಸರು ಟೈ ಕಟ್ಟಿಕೊಂಡು ಪಾತ್ರೆ ತೊಳೆಯುತ್ತಾರೆ. ನಮ್ಮವರ ಹಾಗೆ ಸೊಂಟಕ್ಕೆ ಚಾಪೆ ಸುತ್ತಿಕೊಂಡವನು ನಲ್ಲಿಯ ಮುಂದೆ ಬಗ್ಗುವುದು ಹೇಗೆ ಎಂಬುದು ಅದರಲ್ಲಿ ಇಲ್ಲ. ಬಹುಶಃ ಬಗ್ಗಬೇಕಾಗಿ ಬರಬಹುದೆಂದು ಯಾರಿಗೂ ಹೊಳೆದಿಲ್ಲ.

ಮಾರ್ಚಿನಲ್ಲಿ ನಮ್ಮ ದ್ವೀಪದ ಸರದಿ. ನನಗೆ ಆತುರ, ಕಾರಣ ಮೆಲಿಯಾಮೆ. ಕ್ರಿಸ್‌ಮಸ್ಸಿಗೆ ನಾನು ಊರಿಗೆ ಬಂದಾಗ ಅವಳು ಬಟ್ಟೆ ಒಗೆಯುತ್ತಾ, ಗಂಡ ಲೊಪೇತಿ ಹತ್ತಿರದಲ್ಲಿಲ್ಲ ಎಂದು ಎರಡು ಸಲ ನೋಡಿ ಹೇಳಿದಳು: “ಅತ್ತಿಗೆ, ತಿಮಿಂಗಿಲ ತೋರಿಸೋ ದೋಣೀಲಿ ಇಷ್ಟು ವರ್ಷದಿಂದ ದುಡೀತಿದ್ದೀನಿ. ಅದು ಎಲ್ಲಿ ಏಳುತ್ತೆ ಅಂತ ಹೇಳೋಳು ನಾನು, ಚುಕ್ಕಾಣಿ ತಿರುಗಿಸೋನು ಇನ್ಯಾರೋ. ನಾನೇ ತಿರುಗಿಸಿದ್ರೆ ತಿಮಿಂಗಿಲಕ್ಕೇನಾದ್ರೂ ಬೇಜಾರಾಗುತ್ತಾ?” ಈಸ್ಟರ್ ಆದ ಮೇಲೆ ಇಲ್ಲಿ ದೋಣಿ ನಡೆಸುವವರ ತರಬೇತಿ ಇದೆ. ಎರಡು ತಿಂಗಳು. ತೇರ್ಗಡೆಯಾದರೆ ಪರವಾನಗಿ. ತಿಮಿಂಗಿಲಗಳು ಬರುವ ಹೊತ್ತಿಗೆ ಅವಳದೇ ಚುಕ್ಕಾಣಿ. ಆದರೆ ನನ್ನ ತಮ್ಮ ‘ಬೇಡ’ ಅಂದಿದ್ದಾನೆ. ಯಾಕೆ ಅಂದರೆ ‘ಬೇಡ ಅಂದ್ರೆ ಬೇಡ’. ಅದೂ ಒಂದು ಕಾರಣವೇ ಎಂಬಂತೆ.

ನಾನು ಅವನಿಗೆ ಏನೂ ಹೇಳುವುದಿಲ್ಲ. ಕಾರ್ಯಾಗಾರಕ್ಕೆ ಬರುತ್ತಾನೆ, ಕೇಳುತ್ತಾನೆ, ತಾನಾಗಿ ಬದಲಾಗುತ್ತಾನೆ. ದಯವಿಟ್ಟು ನೀವೂ ಹೇಳಬೇಡಿ.

ನಿಮ್ಮ ತಮ್ಮನ ಮಗಳು,
ಲೆಸಿಯೇಲಿ


ವವಾಉ
4 ಮಾರ್ಚ್

ಲೆಸೀ,

ನಿನ್ನ ಹೆಸರನ್ನು ಅರ್ಧಕ್ಕೆ ಮುರಿದರೆ ನಮ್ಮ ಮಾತಿನಲ್ಲಿ ಪರಂಗಿಹಣ್ಣು ಎಂದು ಚಿಕ್ಕಂದಿನಿಂದ ರೇಗಿಸುತ್ತಿದ್ದೆ. ಈಗ ಪರಂಗಿಯವರ ಕೈಪಿಡಿಯನ್ನೇ ಹಿಡಿದು ಬರುತ್ತಿದ್ದೀಯ, ಹೆಸರು ಸಾರ್ಥಕವಾಯಿತು. ನಿನ್ನ ಕಾರಾಗಾರ ಎಷ್ಟು ಹೊತ್ತು ನಡೆಯುತ್ತದೆ? ಕಾರ್ಯಾಗಾರ ಎಂದು ಬರೆದಿದ್ದೀಯ, ಓದಿದೆ. ಊರವರನ್ನು ಕೂಡಿಹಾಕಿ ಮಧ್ಯಾಹ್ನದವರೆಗೆ ಬಿಡದೆ ಇರುವುದಾದರೆ ನನಗೆ ಎರಡೂ ಒಂದೇ.

ಸಮಾನತೆ ಅಂದೆ. ನಾನು ನಿನ್ನಪ್ಪನ ಅಕ್ಕ, ಈ ಮನೆಯ ಫಾಹು. ಮದುವೆಯಿರಲಿ ಮಣ್ಣಿರಲಿ ಎಲ್ಲರಿಗಿಂತ ಮೇಲೆ ಕೂರುವವಳು. ಹಂದಿ ಕೇಳಲಿ, ಚಾಪೆ ಕೇಳಲಿ, ‘ಇಲ್ಲ’ ಅನ್ನುವ ನಾಲಿಗೆ ನಿನ್ನಪ್ಪನಿಗೆ ಇರಲಿಲ್ಲ, ಪಾಪ. ನಿನ್ನ ಸಮಾನತೆ ಬಂದರೆ ನಾನು ಕೆಳಗಿಳಿದು ಕೂರಬೇಕು. ಇಷ್ಟು ಸಮ್ಮಾನ ಇರುವವಳು ಸಮಾನತೆಯನ್ನು ಎಲ್ಲಿಟ್ಟುಕೊಳ್ಳಲಿ?

ಮೆಲಿಯಾಮೆಯ ಮಾತು ಬೇರೆ. ಅವಳೂ ಅವಳ ತವರಿನಲ್ಲಿ ನನ್ನ ಹಾಗೇ ಮೇಲೆ ಕೂರುವವಳು. ಆದರೆ ತವರು ಇರುವುದು ಉತ್ತರದ ತುದಿಯ ದ್ವೀಪದಲ್ಲಿ. ಹಡಗು ನೆನಪಾದಾಗ ಹೋಗುತ್ತದೆ. ಇಲ್ಲಿ ಅವಳು ಯಾರಿಗೂ ಅಕ್ಕನಲ್ಲ, ಯಾರಿಗೂ ತಂಗಿಯಲ್ಲ. ಹೆಂಡತಿ, ಅಷ್ಟೆ.

ಲೊಪೇತಿಗೆ ನಾನು ಏನೂ ಹೇಳುವುದಿಲ್ಲ, ನೀನು ಹೇಳಬೇಕಾದದ್ದನ್ನು ನಾನು ಯಾಕೆ ಹೇಳಲಿ? ನಾನು ಹೇಗೆ ನಿನ್ನಪ್ಪನಿಗೋ ನೀನು ಹಾಗೆ ಅವನಿಗೆ. ‘ಕಳಿಸು’ ಎಂದು ಒಂದು ಮಾತು ಹೇಳು. ಹುಡುಗ ತಲೆ ಬಗ್ಗಿಸಿ ಕಳಿಸುತ್ತಾನೆ. ಇದಕ್ಕೆ ಕೈಪಿಡಿ ಬೇಕೆ?

ನೀನು ಬರುವ ವಾರ ನಾನು ನೆಯಾಫುವಿನಲ್ಲಿ ಮದುವೆಯಲ್ಲಿರುತ್ತೇನೆ, ಮೇಲೆ ಕೂರಲು ಜನ ಬೇಕಲ್ಲ. ನಿನಗೆಂದು ಹೆಣೆಯುತ್ತಿರುವ ಚಾಪೆ ಇನ್ನೂ ಮುಗಿದಿಲ್ಲ. ನನ್ನ ಬಾಗದ ಒಂದು ಬೆರಳು ಬಾಗುವ ಒಂಬತ್ತನ್ನೂ ಸೋಮಾರಿ ಮಾಡುತ್ತದೆ.

ಫಾತಾಯಿ


ವವಾಉ, ನಮ್ಮೂರಿನಿಂದ
21 ಮಾರ್ಚ್

ಅತ್ತೇ,

ನೀವು ಅಲ್ಲಿ ಮೇಲೆ ಕೂತಿದ್ದ ಹೊತ್ತಿನಲ್ಲಿ ನಾನು ಇಲ್ಲಿ ನೆಲಕ್ಕಿಳಿದೆ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳಿ.

ಬೇರೆ ಊರುಗಳಲ್ಲಿ ಗಂಡಸರಿಗೊಂದು ದಿನ, ಹೆಂಗಸರಿಗೊಂದು ದಿನ ಇಟ್ಟುಕೊಂಡಿದ್ದೆ. ಇಲ್ಲಿಗೆ ಬರುವಾಗ ದೋಣಿ ತಪ್ಪಿ ಒಂದು ದಿನ ಹೋಯಿತು. ನಮ್ಮವರೇ ಅಲ್ಲವೇ ಎಂದು ಇಬ್ಬರನ್ನೂ ಒಂದೇ ದಿನ, ಒಂದೇ ಸಭಾಭವನದಲ್ಲಿ ಕೂರಿಸಿದೆ. ನಮ್ಮವರು ಎಂಬುದೇ ತೊಂದರೆ ಎಂದು ತಲೆಗೆ ಹೋಗಲಿಲ್ಲ. ಈ ದ್ವೀಪದಲ್ಲಿ ಯಾವ ಗಂಡಸಿನ ಕಡೆ ಬೆರಳು ತೋರಿಸಿದರೂ ಅವನು ನನಗೆ ತಮ್ಮನೋ ಅಣ್ಣನೋ ಆಗಬೇಕು. ಅಕ್ಕತಂಗಿಯರ ಎದುರು ಯಾವ ಮಾತು ಬಂದರೆ ಗಂಡಸು ಎದ್ದು ಹೋಗಬೇಕೆಂದು ಮಗುವಾಗಿದ್ದಾಗಲೇ ಗೊತ್ತಿದ್ದವಳು ನಾನು. ಟೀವಿಯಲ್ಲಿ ಇಬ್ಬರು ಹತ್ತಿರ ಬಂದರೆ ಲೊಪೇತಿ ಅಂಗಳಕ್ಕೆ ಓಡುತ್ತಿದ್ದ. ಅವರು ದೂರ ಆದ ಮೇಲೆ ನಾನು ಕರೆಯುತ್ತಿದ್ದೆ. ಕೈಯಲ್ಲಿ ಕೈಪಿಡಿ ಇದ್ದುದಕ್ಕೋ ಏನೋ, ನಾನು ಅಕ್ಕ ಎಂಬುದನ್ನೇ ಮರೆತೆ.

ಮೊದಲ ಪಾಠಗಳು ಚೆನ್ನಾಗಿ ನಡೆದವು. ಆಮೇಲೆ ‘ಗಂಡ ಹೆಂಡಿರ ನಡುವಿನ ಒಲವು ಮತ್ತು ಒಪ್ಪಿಗೆ’. ನನ್ನ ಬಾಯಿಂದ ‘ಹಾಸಿಗೆ’ ಎಂಬ ಪದ ಬಿದ್ದದ್ದೇ ತಡ, ಲೊಪೇತಿ ಎದ್ದ. ಸೊಂಟದ ಚಾಪೆ ಸರಿಮಾಡಿಕೊಂಡ, ತಲೆ ತಗ್ಗಿಸಿದ, ಬೆನ್ನು ಬಾಗಿಸಿ ಬಾಗಿಲ ಕಡೆ ನಡೆದ. ಹಿಂದೆಯೇ ಚಿಕ್ಕಪ್ಪನ ಮಕ್ಕಳು, ದೊಡ್ಡಮ್ಮನ ಮಕ್ಕಳು. ಬಾಗಿಲಲ್ಲಿ ನೂಕುನುಗ್ಗಲಾಗಿ ಉಳಿದವರು ಕಿಟಕಿ ಹತ್ತಿದರು. ದಪ್ಪ ಸೊಸೈಯಾ ಕಿಟಕಿಯಲ್ಲಿ ಸಿಕ್ಕಿಕೊಂಡು, ಅರ್ಧ ಒಳಗೆ ಅರ್ಧ ಹೊರಗೆ, “ತಪ್ಪು ತಿಳ್ಕೋಬೇಡ ಅಕ್ಕಾ” ಅಂದ. ಕೊನೆಗೆ ಪಾದ್ರಿಗಳು ಹಿಂದಿನಿಂದ ನೂಕಿದರು. ಅವರು ಬೇರೆ ಊರಿನವರು, ಇಲ್ಲಿ ಅಕ್ಕತಂಗಿಯರಿಲ್ಲ. ಅವರೊಬ್ಬರೇ ಉಳಿದ ಗಂಡಸು.

ಹೆಣ್ಣಿಗೆ ಗೌರವ ಕೊಡಿ ಎಂದು ಹೇಳಲು ಬಂದಿದ್ದೆ. ಗೌರವ ಕೊಟ್ಟೇ ಹೋದರು, ಅತ್ತೆ. ಸಭೆಯೇ ಖಾಲಿಯಾಗುವಷ್ಟು ಕೊಟ್ಟರು.

ನಗಬೇಡಿ, ಇನ್ನೂ ಇದೆ. ಹಿಂದಿನ ಬಾಗಿಲಿಂದ ಹೊರಬಂದೆ. ಆಗ ಕಣ್ಣಿಗೆ ಬಿತ್ತು: ಒಳಗೆ ಕೂತಿದ್ದ ಹೆಂಗಸರೆಲ್ಲ ಊರಿನ ಹೆಣ್ಣುಮಕ್ಕಳು. ಊರಿಗೆ ಬಂದ ಸೊಸೆಯರೆಲ್ಲ ಹಿಂದುಗಡೆ, ಕಾರ್ಯಾಗಾರಕ್ಕೆ ಬಂದವರಿಗೆ ಚಹಾ ಮಾಡುತ್ತಿದ್ದರು. ಮೆಲಿಯಾಮೆ ಮೊಣಕೈವರೆಗೆ ನೊರೆಯಲ್ಲಿದ್ದಳು.

“ಸಮಾನತೆ ಮುಗೀತಾ ಅತ್ತಿಗೆ? ಕಪ್ ಕೊಡಿ, ತೊಳೀಬೇಕು.”

“ನೀನು ಒಳಗೆ ಬರಬೇಕಿತ್ತು.”

“ಕರೆದವರು ಯಾರು? ಬಿಡಿ. ಈಸ್ಟರ್ ಒಳಗೆ ನಾನು ಹೆಸರು ಕೊಡಬೇಕು. ನೀವು ಒಂದ್ ಮಾತು ಹೇಳಿದ್ರೆ…”

ನಾನು ಹೇಳಿದೆ, ಅಪ್ಪಣೆಯಿಂದ ಬಂದ ಬದಲಾವಣೆ ಬದಲಾವಣೆಯಲ್ಲ, ಅವನ ಮನಸ್ಸು ಮಾಗಬೇಕು ಎಂದು. ಅವಳು ಕಪ್ಪನ್ನು ಬೋರಲು ಹಾಕಿ ಅಂದಳು: “ಮಾಗಲಿ ಮಾಗಲಿ. ತರಬೇತಿ ಅವರೇನು ಬಾಳೆಗೊನೆ ಕಾಯೋ ಹಾಗೆ ಕಾಯ್ತಾ ಕೂರಲ್ಲ.” ಆಮೇಲೆ ಸುಮ್ಮನೆ ಕೇಳಿದಳು: “ಫಾತಾಯಿ ಅತ್ತೆ ಹಾಆಪೈ ದ್ವೀಪದಿಂದ ಗಂಡನ್ನ ಬಿಟ್ಟು ಬಂದಾಗ ಆ ಬೆರಳು ಆಗಲೇ ಬಾಗ್ತಿರಲಿಲ್ಲವಂತೆ. ನಿಮಗೆ ಗೊತ್ತಾ?”

ನನಗೆ ಗೊತ್ತಿರಲಿಲ್ಲ. ಏನಾಗಿತ್ತು, ಅತ್ತೆ?

ಮಧ್ಯಾಹ್ನ ಲೊಪೇತಿ ನೆಲದೊಲೆಯಲ್ಲಿ ತಾನೇ ಬೇಯಿಸಿದ ಕೆಸುವಿನೆಲೆಯ ಲೂ ಕಳಿಸಿದ. ತೆಂಗಿನಹಾಲು ಹೆಚ್ಚು ಹಾಕಿ, ನನಗೆ ಇಷ್ಟವಾಗುವ ಹಾಗೆ. ಮುಖ ತೋರಿಸಲಿಲ್ಲ. ತಿನ್ನುವಾಗ ಅಳು ಬಂತು, ತಿನ್ನುವುದನ್ನೂ ಬಿಡಲಿಲ್ಲ.

ಲೆಸಿಯೇಲಿ


ವವಾಉ
1 ಏಪ್ರಿಲ್

ಲೆಸೀ,

ಸೊಸೈಯಾ ಕಿಟಕಿಯಲ್ಲಿ ಸಿಕ್ಕಿಕೊಂಡದ್ದನ್ನು ಮೂರು ಕಡೆಯಿಂದ ಕೇಳಿದೆ. ನಿನ್ನ ವರದಿಯೇ ಚೆನ್ನಾಗಿದೆ. ಕಿಟಕಿಯ ಚೌಕಟ್ಟು ಸಡಿಲವಾಗಿದೆ, ಪಾದ್ರಿ ಮೊಳೆ ಕೇಳುತ್ತಿದ್ದಾರೆ.

ಮದುವೆ ಆಯಿತು. ನನಗೆ ಕೊಟ್ಟ ಹಂದಿ ಬಡಕಲು, ಹುಡುಗಿ ಪರವಾಗಿಲ್ಲ. ನಮ್ಮ ಹಿಂದಿನ ಅಂಗಳದ ಹಂದಿ ಮರಿ ಹಾಕಿದೆ. ಒಂದಕ್ಕೆ ಕಿವಿ ಕಪ್ಪು. ಈ ವರ್ಷ ಚಳಿ ಬೇಗ ಬರುವ ಹಾಗಿದೆ.

ಮೆಲಿಯಾಮೆ ಈಗ ನನ್ನ ಹತ್ತಿರ ಏನೂ ಹೇಳುವುದಿಲ್ಲ. ನಿನ್ನೆ ಸಂಜೆ ದಡದಲ್ಲಿ ನಿಂತು, ಹೋಗುವ ದೋಣಿಗಳ ಎಂಜಿನ್ ಸದ್ದು ಕೇಳಿ ಯಾವುದು ಯಾರದು ಎಂದು ತನ್ನ ಮಗಳಿಗೆ ಹೇಳಿಕೊಡುತ್ತಿದ್ದಳು. ನನಗೆ ಬೆನ್ನು ಮಾಡಿಯೇ ನಿಂತಿದ್ದಳು.

ಫಾತಾಯಿ


ನುಕುಅಲೋಫಾ
6 ಏಪ್ರಿಲ್

ಅತ್ತೇ,

ಹಂದಿಯ ಕಿವಿ ಕಪ್ಪು ಎಂದು ತಿಳಿದು ಸಂತೋಷ. ನಾನು ಕೇಳಿದ್ದು ಅದಲ್ಲ.

ಲೊಪೇತಿಗೆ ಕಾಗದ ಬರೆಯಲು ಕೂತೆ, ಹರಿದೆ, ಮತ್ತೆ ಬರೆದೆ, ಮತ್ತೆ ಹರಿದೆ. ಕಸದ ಬುಟ್ಟಿ ಮಾತ್ರ ತುಂಬುತ್ತಿದೆ. ಅಕ್ಕನೆಂಬ ಅಧಿಕಾರದಿಂದ ‘ಕಳಿಸು’ ಅಂದರೆ ಅವನು ಕಳಿಸುತ್ತಾನೆ, ಅದು ನನಗೂ ಗೊತ್ತು. ಆದರೆ ಆಮೇಲೆ ಯಾವ ಮುಖ ಇಟ್ಟುಕೊಂಡು ಊರೂರಲ್ಲಿ ‘ಯಾರೂ ಯಾರಿಗೂ ಮೇಲಲ್ಲ’ ಎಂದು ಹೇಳಲಿ? ಮೇಲೆ ಕೂತು, ಕೆಳಗಿನವರಿಗೆ ಸಮಾನತೆಯನ್ನು ಎಸೆಯಲೇ? ನೀವು ನಗುತ್ತೀರಿ. ನನಗೆ ಮಾತ್ರ ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಅನ್ನಿಸುತ್ತಿದೆ. ನಿನ್ನೆ ನಡೆದು ನಡೆದು ತರಬೇತಿ ಶಾಲೆಯ ಗೇಟಿನ ಮುಂದೆ ಇದ್ದೆ. ಒಳಗೆ ಹೋಗಿ ವಿಚಾರಿಸಿದೆ. “ವವಾಉನೋರಿಗೆ ಇನ್ನೂ ಜಾಗ ಇದೆ, ಆದ್ರೆ ಬೇಗ ಹೇಳಿ” ಅಂದರು. ಬೇಗ ಹೇಳುತ್ತೇನೆ ಎಂದು ಬಂದೆ.

ಅವಳಾಗಿ ಹೆಸರು ಕೊಡಲಿ ಎಂದರೆ, ಗಂಡ ಒಪ್ಪದೆ ಮನೆಬಿಟ್ಟು ಬಂದವಳೆಂದು ಇಡೀ ಊರು ಅವಳ ಬೆನ್ನು ಹತ್ತುತ್ತದೆ. ತವರಿನ ಬೆನ್ನಾಸರೆಯೂ ಹತ್ತಿರದಲ್ಲಿಲ್ಲ.

ನೀವು ಹೇಳಿ. ಹಂದಿಯ ವಿಷಯ ಬಿಟ್ಟು.

ಲೆಸಿಯೇಲಿ


ವವಾಉ
11 ಏಪ್ರಿಲ್

ಲೆಸೀ,

ಕೇಳಿದ್ದೀಯ, ಹೇಳುತ್ತೇನೆ. ಒಂದು ಸಲ ಮಾತ್ರ.

ನನ್ನ ಗಂಡನಿಗೆ ಒಬ್ಬ ಅಕ್ಕ ಇದ್ದಳು, ತೊಕಿಲುಪೆ. ಒಳ್ಳೆಯ ಹೆಂಗಸು. ನಾನು ಹೆಣೆದ ಚಾಪೆಯ ಮೇಲೆ ಕೂತು, ನಾನು ಬಡಿಸಿದ್ದನ್ನು ಉಂಡು, “ನಿನ್ನ ಕೈರುಚಿ ಇನ್ಯಾರಿಗೂ ಇಲ್ಲ ಕಣೇ” ಅನ್ನುತ್ತಿದ್ದಳು. ಆವತ್ತು ಅವಳು ಜಗಲಿಯಲ್ಲಿದ್ದಳು. ಒಳಗೆ ನಾನು, ಅವನು. ಗೋಡೆ ತೆಂಗಿನ ಗರಿಯದು, ಕೇಳಿಸಲಿಲ್ಲ ಅನ್ನಲು ಅದೇನು ಕಲ್ಲಲ್ಲ. ಜಗಲಿಯಿಂದಲೇ ತಮ್ಮನ ಹೆಸರು ಹಿಡಿದು ಒಂದು ಸಲ ಕೂಗಿದ್ದರೆ ಸಾಕಿತ್ತು. ಅವನ ಕೈ ಇದ್ದಲ್ಲೇ ನಿಲ್ಲುತ್ತಿತ್ತು. ಅಕ್ಕನ ಮಾತಿಗೆ ಅಷ್ಟು ಬೆಲೆ ಆ ಮನೆಯಲ್ಲಿ.

ಅವಳು ಎದ್ದು ಹೋದಳು. ಗಂಡ ಹೆಂಡಿರ ವಿಷಯ, ಅಕ್ಕನಾದವಳು ಅಲ್ಲಿರಬಾರದು ಎಂದು. ಗೌರವದಿಂದ.

ಬೆರಳು ಆವತ್ತಿನದು. ಮಾರನೆಯ ವಾರ ನಿನ್ನಪ್ಪ ದೋಣಿ ತಂದ.

ಲೊಪೇತಿ ಅಂಥವನಲ್ಲ. ಕೈ ಎತ್ತಿದವನಲ್ಲ, ಎತ್ತುವವನೂ ಅಲ್ಲ. ನಾಲ್ಕು ಜನ ನಗುತ್ತಾರೆಂದು ಹೆದರುವವನು. ಗೊತ್ತು. ಆದರೆ ಜಗಲಿ ಅದೇ, ಮಗಳೇ. ಈಗ ಅಲ್ಲಿ ಕೂತು ಕೂಗಲೋ ಬೇಡವೋ ಎಂದು ಯೋಚಿಸುತ್ತಿರುವವಳು ನೀನು. ತೊಕಿಲುಪೆಯೂ ಯೋಚಿಸಿಯೇ ಇದ್ದಾಳು.

ಚಾಪೆ ಮುಗಿಯಿತು. ಕಳಿಸುತ್ತಿದ್ದೇನೆ.

ಫಾತಾಯಿ


ನುಕುಅಲೋಫಾ
15 ಏಪ್ರಿಲ್

ತಮ್ಮ ಲೊಪೇತಿಗೆ,

ಆ ದಿನ ಸಭೆಯಲ್ಲಿ ನಿನಗೆ ನನ್ನಿಂದ ಇರುಸುಮುರುಸಾಯಿತು. ಅದು ನಿನ್ನ ತಪ್ಪಲ್ಲ, ನನ್ನದು. ಲೂ ಚೆನ್ನಾಗಿತ್ತು.

ಇದುವರೆಗೆ ನಿನ್ನ ಮನೆಯಿಂದ ನಾನು ಏನನ್ನೂ ಕೇಳಿಲ್ಲ. ಅಪ್ಪ ಹೋದಾಗ ನನಗೆ ಬರಬೇಕಾದ ಚಾಪೆಗಳನ್ನು ಬಿಟ್ಟೆ. ನಿನ್ನ ಮದುವೆಯಲ್ಲಿ ಹಂದಿ ಬೇಡವೆಂದೆ. ನೀನು ಬೇಸರ ಮಾಡಿಕೊಂಡಿದ್ದೆ, ಅಕ್ಕ ಹೊರಗಿನವಳ ಹಾಗೆ ಆಡುತ್ತಾಳೆ ಎಂದು. ಅದನ್ನೆಲ್ಲ ಸೇರಿಸಿ ಈಗ ಕೇಳುತ್ತಿದ್ದೇನೆ.

ಮೆಲಿಯಾಮೆಯನ್ನು ಕಳಿಸು. ಈಸ್ಟರಿನಿಂದ ಎರಡು ತಿಂಗಳು. ದೋಣಿ ನಡೆಸಲು ಕಲಿತು ಬರುತ್ತಾಳೆ. ಇಲ್ಲಿ ನನ್ನ ಮನೆಯಲ್ಲಿರುತ್ತಾಳೆ. ಅಲ್ಲಿ ಮನೆ, ಮಗಳು ನಿನ್ನ ಪಾಲು. ಹಿಂದಿರುಗಿದ ಮೇಲೆ ಅವಳು ಚುಕ್ಕಾಣಿ ಹಿಡಿಯುವುದನ್ನು ಯಾರೂ ತಡೆಯಬಾರದು. ಯಾರೂ ಅಂದರೆ ಗೊತ್ತಲ್ಲ.

ಕಾರಣ ಕೇಳಬೇಡ. ಕೇಳುವುದಾದರೆ, ‘ಕಳಿಸು ಅಂದ್ರೆ ಕಳಿಸು’.

ನಿನ್ನ ಅಕ್ಕ,
ಲೆಸಿಯೇಲಿ


ವವಾಉ
24 ಮೇ

ಲೆಸೀ,

ನೀನು ಬರೆಯುತ್ತಿಲ್ಲ. ಹಡಗುಕಟ್ಟೆಯಲ್ಲಿ ಏನಾಯಿತೆಂದು ಮೆಲಿಯಾಮೆ ಹೇಳಿರಬಹುದು, ಹೇಳದೆಯೂ ಇರಬಹುದು. ಹೇಳುತ್ತೇನೆ. ಲೊಪೇತಿ ಹೊಸ ಅಂಗಿ ತೊಟ್ಟು, ಇಡಿಯಾಗಿ ಸುಟ್ಟ ಹಂದಿ ಹೊತ್ತು ಅವಳನ್ನು ಹತ್ತಿಸಲು ಬಂದ. ಸಿಕ್ಕಸಿಕ್ಕವರಿಗೆಲ್ಲ, “ಅಕ್ಕ ಕೇಳಿದ್ಳು, ಕೊಡ್ತಿದ್ದೀನಿ” ಅಂದ. ಕಣ್ಣಲ್ಲಿ ನೀರು. ಹೆಮ್ಮೆಯದೋ ದುಃಖದ್ದೋ ಅವನನ್ನೇ ಕೇಳಬೇಕು. ಊರೆಲ್ಲ ತಲೆದೂಗಿತು. ಹೆಂಡತಿಯ ಮಾತು ಕೇಳಿದ್ದರೆ ನಗುತ್ತಿದ್ದವರು ಅಕ್ಕನ ಮಾತು ಕೇಳಿದ್ದಕ್ಕೆ ಬೆನ್ನು ತಟ್ಟಿದರು. ಮೆಲಿಯಾಮೆ ಯಾರ ಕಡೆಯೂ ನೋಡದೆ ಎಂಜಿನ್ ಕಡೆ ನೋಡುತ್ತಿದ್ದಳು.

ಇನ್ನು ಇಲ್ಲಿಯ ಸಂಸಾರ. ಅಡುಗೆ ಅವನಿಗೆ ಬರುತ್ತದೆ. ಬಾರದ್ದು ಜಡೆ. ಮಗಳಿಗೆ ಎರಡು ಜಡೆ, ರಿಬ್ಬನ್ನು ಇಲ್ಲದಿದ್ದರೆ ಶಾಲೆಯಲ್ಲಿ ಒಳಗೆ ಬಿಡುವುದಿಲ್ಲವಲ್ಲ. ಮೊದಲ ವಾರ ನನ್ನ ಹತ್ತಿರ ಕಳಿಸಿದ. “ನನಗೆ ಬೆರಳು ನೋಯುತ್ತೆ, ನೀನೇ ಹೆಣಿ” ಅಂದೆ. ಮಾರನೆಯ ದಿನ ಹುಡುಗಿ ಬಂದಳು ನೋಡು, ಎರಡು ಜಡೆಯೂ ಲಂಗರಿನ ಹಗ್ಗ! ದೋಣಿ ಕಟ್ಟುವ ಗಂಟನ್ನೇ ಹಾಕಿದ್ದಾನೆ. ಸಂಜೆ ಬಿಚ್ಚಲು ಇಬ್ಬರು ಬೇಕಾಯಿತು. ಟೀಚರಮ್ಮ “ಯಾರಮ್ಮ ಹಾಕಿದ್ದು?” ಅಂದರೆ, “ಅಪ್ಪ. ಬಿರುಗಾಳಿಗೂ ಬಿಚ್ಚಲ್ಲ” ಅಂದಳಂತೆ.

ರಾತ್ರಿ ಗಂಡಸರು ಕೂತು ಕಾವಾ ಕುಡಿಯುವ ಕೂಟದಲ್ಲಿ ಸೊಸೈಯಾ, “ಏನಪ್ಪಾ, ನನ್ನ ಹೆಂಡ್ತಿಗೂ ಒಂದು ಜಡೆ ಹಾಕ್ತೀಯಾ?” ಎಂದು ಕೆಣಕಿದ. ಲೊಪೇತಿ, “ನಿನ್ನನ್ನ ಕಿಟಕಿಯಿಂದ ಬಿಡಿಸೋಕೂ ಅದೇ ಹಗ್ಗ ಬೇಕಾಗಿತ್ತು” ಅಂದನಂತೆ. ನಕ್ಕರು. ಈಗೀಗ ಅವನು ಕೂಟದಿಂದ ಬೇಗ ಎದ್ದು ಬರುತ್ತಾನೆ, ಸಮವಸ್ತ್ರಕ್ಕೆ ಇಸ್ತ್ರಿ ಹಾಕಬೇಕು ಎಂದು. ನನ್ನ ಹತ್ತಿರ ಮೊನ್ನೆ, “ಅತ್ತೆ, ಅವಳು ಇದನ್ನೆಲ್ಲ ದಿನಾ ಮಾಡ್ತಿದ್ಳಾ?” ಎಂದು ಕೇಳಿದ. ಪ್ರಶ್ನೆ ಇನ್ನೂ ಸ್ವಲ್ಪ ದಿನ ಅವನ ಹತ್ತಿರವೇ ಇರಲಿ.

ಬರೆ. ಅವಳ ಜೊತೆ ಮಾತಾಡುತ್ತಿದ್ದೀಯ ತಾನೆ?

ಫಾತಾಯಿ


ನುಕುಅಲೋಫಾ
28 ಜೂನ್

ಅತ್ತಿಗೆಗೆ,

ನಿಮ್ಮದೇ ಮನೆ, ನಿಮ್ಮದೇ ಮೇಜು, ಬರೆಯುತ್ತಿರುವವಳು ನಾನು. ಸಂಜೆಯ ಹಡಗಿಗೆ ಹೊರಟಿದ್ದೇನೆ. ನೀವು ಮತ್ತೆ ಯಾವುದೋ ದ್ವೀಪದಲ್ಲಿದ್ದೀರಿ. ಎರಡು ತಿಂಗಳು ಒಂದೇ ಸೂರಿನ ಕೆಳಗಿದ್ದು ನಾವು ಆಡಿದ ಮಾತು, ‘ಊಟ ಆಯ್ತಾ?’, ‘ಆಯ್ತು’. ನಾನು ಬಂದರೆ ನಿಮಗೆ ಕಾರ್ಯಾಗಾರ ನೆನಪಾಗುತ್ತಿತ್ತು. ನೀವು ಬಂದರೆ ನನಗೆ ಪಾಠ. ಇಬ್ಬರೂ ಒಬ್ಬರಿಗೊಬ್ಬರು ಎದ್ದು ಹೋದೆವು.

ತೇರ್ಗಡೆಯಾದೆ. ಪರವಾನಗಿ ನನ್ನ ಚೀಲದಲ್ಲಿದೆ. ಫೋಟೋದಲ್ಲಿ ಸಿಟ್ಟಿನಲ್ಲಿರುವ ಹಾಗೆ ಕಾಣುತ್ತೇನೆ. ಸಿಟ್ಟಿನಲ್ಲಿಯೇ ಇದ್ದೆ.

ಅದನ್ನು ಹೇಳದೆ ಹೋದರೆ ದಾರಿಯುದ್ದಕ್ಕೂ ಕೊರೆಯುತ್ತದೆ. ನಾನು ನಿಮ್ಮ ತಮ್ಮನನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಅತ್ತೆ ನಿಮಗೆ ಬರೆದರು, ನೀವು ತಮ್ಮನಿಗೆ ಬರೆದಿರಿ, ಅವರು ಊರಿಗೆಲ್ಲ ಸಾರಿದರು. ಚಾಪೆಗೆ ಬದಲು, ಹಂದಿಗೆ ಬದಲು ನಾನು. ನನ್ನ ಬಗ್ಗೆ ಇಷ್ಟು ಕಾಗದ ಓಡಾಡಿದವು, ನನಗೆ ಒಂದೂ ಬರಲಿಲ್ಲ. ಹಡಗುಕಟ್ಟೆಯಲ್ಲಿ ಆ ಹಂದಿಯ ಪಕ್ಕದಲ್ಲಿ ನಿಂತಾಗ, ನಮ್ಮಿಬ್ಬರಲ್ಲಿ ಯಾರನ್ನು ಕೊಡುತ್ತಿದ್ದಾರೆ ಎಂದು ನೋಡಿದವರಿಗೆ ಗೊತ್ತಾಗುವಂತಿರಲಿಲ್ಲ. ಆದರೂ ನೀವು ಕೇಳದಿದ್ದರೆ ನಾನು ಇವತ್ತು ನಲ್ಲಿಯ ಹತ್ತಿರ ಇರುತ್ತಿದ್ದೆ. ಅದಕ್ಕೆ ಕೃತಜ್ಞತೆ. ಎರಡೂ ನಿಜ. ಯಾವುದನ್ನು ಮೇಲಿಡಬೇಕೋ ನನಗೆ ಗೊತ್ತಿಲ್ಲ, ಒಂದರ ಪಕ್ಕ ಒಂದು ಇಟ್ಟಿದ್ದೇನೆ.

ಅವರು ಮೊದಲ ಸಲ ನನಗೇ ಒಂದು ಕಾಗದ ಬರೆದಿದ್ದಾರೆ. ‘ಜಡೆ ಹಾಕುವಾಗ ಹುಡುಗಿ ಅಳಬಾರದು ಅಂದರೆ ಏನು ಮಾಡಬೇಕು?’ ಅಷ್ಟೇ ಇರುವುದು. ನಾಲ್ಕು ಸಲ ಓದಿದೆ. ಎಣ್ಣೆ ಹಚ್ಚಿ ಎಂದು ಬರೆದೆ.

ಇನ್ನೊಂದು ವಿಷಯ. ನಿಮ್ಮ ಕಾರ್ಯಾಗಾರ ನಮ್ಮೂರಲ್ಲಿ ಅರ್ಧಕ್ಕೆ ನಿಂತಿದೆ. ಉಳಿದರ್ಧ ನಾನು ಮುಗಿಸುತ್ತೇನೆ. ಯೋಚಿಸಿ ನೋಡಿ: ಕಾವಾ ಕೂಟದಲ್ಲಿ ಬೋಗುಣಿಯ ಹಿಂದೆ ಕೂತು ಹಂಚುವ ಹುಡುಗಿ ಅಲ್ಲಿರುವ ಯಾರಿಗೂ ತಂಗಿಯಾಗಿರಬಾರದು ಯಾಕೆ? ತಂಗಿಯಿದ್ದರೆ ಗಂಡಸರ ಬಾಯಿ ಕಟ್ಟುತ್ತದೆ. ಆ ಊರಿನ ಗಂಡಸರ ಎದುರು ಆ ಮಾತುಗಳನ್ನು ಆಡಬಲ್ಲವರು ಊರಿನ ಹೆಣ್ಣುಮಕ್ಕಳಲ್ಲ. ಹಿಂದುಗಡೆ ಚಹಾ ಮಾಡುತ್ತಿದ್ದವರು. ನಾನು ಅಲ್ಲಿ ಯಾರಿಗೂ ಅಕ್ಕನೂ ಅಲ್ಲ, ತಂಗಿಯೂ ಅಲ್ಲ. ಇಷ್ಟು ವರ್ಷ ಅದೇ ನನ್ನ ಕೊರತೆ ಅಂದುಕೊಂಡಿದ್ದೆ.

ಜುಲೈ ಮೂರನೆಯ ಶನಿವಾರ, ಮೊದಲ ತಿಮಿಂಗಿಲಗಳು ಬಂದಾಗ, ಊರಿನ ಗಂಡಸರನ್ನೆಲ್ಲ ದೋಣಿಯಲ್ಲಿ ಕರೆದೊಯ್ಯುತ್ತೇನೆ. ಸೊಸೈಯಾ ಈಗಾಗಲೇ ಒಪ್ಪಿದ್ದಾನೆ, ತಿಮಿಂಗಿಲ ತೋರಿಸುತ್ತಾಳೆ ಅಂದುಕೊಂಡು. ತೋರಿಸುತ್ತೇನೆ. ಆಳಕ್ಕೆ ಹೋದ ಮೇಲೆ ಎಂಜಿನ್ ನಿಲ್ಲಿಸಿ ನಿಮ್ಮ ಪಾಠ ತೆಗೆಯುತ್ತೇನೆ. ಆ ದೋಣಿಗೆ ಬಾಗಿಲಿಲ್ಲ, ಕಿಟಕಿಯಿಲ್ಲ. ಕೈಪಿಡಿ ನಿಮ್ಮ ಕಪಾಟಿನಿಂದ ತೆಗೆದುಕೊಂಡಿದ್ದೇನೆ, ಟೈ ಕಟ್ಟಿದವರ ಪುಟಗಳನ್ನು ಮಾತ್ರ ಇಲ್ಲೇ ಬಿಟ್ಟಿದ್ದೇನೆ.

ನೀವು ದಡದಲ್ಲಿರಿ, ಅತ್ತಿಗೆ. ಚಹಾ ಮಾಡಿಡಿ. ದಯವಿಟ್ಟು ದೋಣಿ ಹತ್ತಬೇಡಿ. ನೀವು ಬಂದರೆ ಅವರೆಲ್ಲ ಗೌರವದಿಂದ ಸಮುದ್ರಕ್ಕೆ ಹಾರುತ್ತಾರೆ.

ಇಂತಿ,
ಮೆಲಿಯಾಮೆ
ದೋಣಿ ನಡೆಸುವವಳು